ಚಾಲನಾ ಪರವಾನಗಿ (ಕರ್ನಾಟಕ)

ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವವರು ಹೊಂದಿರಬೇಕಾದ ಅನುಮತಿ ಪತ್ರ. ಆಡುಮಾತಿನಲ್ಲಿ ಡಿಎಲ್ ಅಥವಾ ಲೈಸೆನ್ಸ್. ಕರ್ನಾಟಕದಲ್ಲಿ ಇದನ್ನು ಸಾರಿಗೆ ಇಲಾಖೆಯ ಪ್ರಾದೇಶಿಕ ಹಾಗೂ ಸಹಾಯಕ ಪ್ರಾದೇಶಿಕ ಸಾರಿಗೆ ಕಚೇರಿಗಳು ಕೊಡುತ್ತವೆ. ಕೊಡುವುದು ರಾಜ್ಯವಾದರೂ ಸಲ್ಲುವುದು ಇಡೀ ದೇಶದಲ್ಲಿ. ಮೋಟಾರು ವಾಹನ ಎಂಬ ವಿಷಯ ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿ 35ನೆಯ ನಮೂದು. ಹಾಗಾಗಿ ಯಾರು ಅರ್ಹರು ಎಂಬುದನ್ನು ಕೇಂದ್ರದ ಕಾಯ್ದೆ ಹೇಳುತ್ತದೆ. ಕಚೇರಿ, ಪರೀಕ್ಷಾ ಮೈದಾನ ಮತ್ತು ನಿರೀಕ್ಷಕರು ರಾಜ್ಯದವರು.

ಕಾನೂನಿನ ಹಿನ್ನೆಲೆ

ಬ್ರಿಟಿಷ್ ಭಾರತಕ್ಕೆ ಒಟ್ಟಾಗಿ ಅನ್ವಯಿಸಿದ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಅದರ ಜಾಗಕ್ಕೆ ಬಂದ 1939ರ ಕಾಯ್ದೆಯಲ್ಲಿ ಗಮನಿಸಬೇಕಾದ ಮಾತೊಂದಿತ್ತು. ಸಂಬಳಕ್ಕೆ ವಾಹನ ಓಡಿಸುವವನ ಪರವಾನಗಿಯಲ್ಲಿ ಹಾಗೆಂದು ನಿರ್ದಿಷ್ಟವಾಗಿ ನಮೂದಾಗಿರಬೇಕಿತ್ತು. ಸರಕು ಅಥವಾ ಬಾಡಿಗೆ ವಾಹನ ಓಡಿಸುವವನಿಗೂ ಅದೇ ನಿಯಮ. ಹೊಟ್ಟೆಪಾಡಿಗೆ ಓಡಿಸುವವನನ್ನು ಸ್ವಂತಕ್ಕೆ ಓಡಿಸುವವನಿಂದ ಬೇರೆಯಾಗಿ ಕಾಣುವ ಈ ಕ್ರಮ ರೂಪ ಬದಲಿಸಿಕೊಂಡು ಇಂದಿಗೂ ಉಳಿದಿದೆ. ಏಕೀಕರಣದ ತರುವಾಯ ರಾಜ್ಯ 1963ರಲ್ಲಿ ತನ್ನದೇ ಮೋಟಾರು ವಾಹನ ನಿಯಮಗಳನ್ನು ರಚಿಸಿತು. ಈಗ ಜಾರಿಯಲ್ಲಿರುವುದು 1988ರ ಮೋಟಾರು ವಾಹನ ಕಾಯ್ದೆ. ಅದು 1989ರ ಜುಲೈ 1ರಂದು ಜಾರಿಗೆ ಬಂತು. ಕೇಂದ್ರ ಮೋಟಾರು ವಾಹನ ನಿಯಮಗಳು ಮತ್ತು ಕರ್ನಾಟಕ ಮೋಟಾರು ವಾಹನ ನಿಯಮಗಳು ಎರಡೂ ಅದೇ ವರ್ಷದವು. 2019ರ ತಿದ್ದುಪಡಿ ಪರವಾನಗಿಯ ಅವಧಿಯನ್ನೂ ದಂಡವನ್ನೂ ಬಹುಮಟ್ಟಿಗೆ ಬದಲಿಸಿತು.

ವಯಸ್ಸು

ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು. ಸಾರಿಗೆ ವಾಹನಕ್ಕೆ, ಅಂದರೆ ಬಾಡಿಗೆ ಇಲ್ಲವೇ ಸರಕು ಸಾಗಿಸುವ ವಾಹನಕ್ಕೆ, 20 ವರ್ಷ. ಎಂಜಿನ್ ಸಾಮರ್ಥ್ಯ 50 ಸಿಸಿ ಮೀರದ ದ್ವಿಚಕ್ರ ವಾಹನವನ್ನು 16ಕ್ಕೇ ಓಡಿಸಬಹುದು; ಅದಕ್ಕೆ ತಂದೆತಾಯಿಯ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು. ಈ ವಿನಾಯಿತಿ ಲೂನಾ, ಟಿವಿಎಸ್ 50 ಓಡಾಡುತ್ತಿದ್ದ ಕಾಲಕ್ಕೆ ಹೊಂದುವಂಥದು. ಇಂದು ಮನೆಮನೆಯಲ್ಲಿರುವ ಗೇರಿಲ್ಲದ ಸ್ಕೂಟರುಗಳು ಸಾಮಾನ್ಯವಾಗಿ 100 ಸಿಸಿಗೂ ಹೆಚ್ಚಿನವು. 16ರ ಹುಡುಗನ ಕೈಯಲ್ಲಿ ಪರವಾನಗಿ ಇದ್ದರೂ ಅಂಥ ಸ್ಕೂಟರಿಗೆ ಅದು ಸಲ್ಲುವುದಿಲ್ಲ. ಇದನ್ನು ತಿಳಿಯದ ಪೋಷಕರು ಬಹಳ ಮಂದಿ, ಮತ್ತು ಇದರ ಬೆಲೆ ದೊಡ್ಡದು. 2019ರಲ್ಲಿ ಸೇರಿದ 199ಎ ಕಲಮಿನಂತೆ ಅಪ್ರಾಪ್ತ ವಯಸ್ಕರು ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ.

ಆರೋಗ್ಯ

ಅರ್ಜಿದಾರರು ನಮೂನೆ 1ರಲ್ಲಿ ತಮ್ಮ ದೇಹಸ್ಥಿತಿಯನ್ನು ತಾವೇ ಘೋಷಿಸುತ್ತಾರೆ. ಮೂರ್ಛೆರೋಗವಿದೆಯೇ, ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟು ಕಾಣುತ್ತದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಕನ್ನಡಕ ಹಾಕುವವರು ಹಾಕಿಕೊಂಡೇ ಓದಬಹುದು. 40 ವರ್ಷ ದಾಟಿದವರು ಮತ್ತು ಸಾರಿಗೆ ವಾಹನದ ಪರವಾನಗಿ ಕೇಳುವವರು ನಮೂನೆ 1ಎಯಲ್ಲಿ ವೈದ್ಯರ ಪ್ರಮಾಣಪತ್ರ ತರಬೇಕು. ಬಣ್ಣಗುರುಡು ಇರುವವರಿಗೆ ಬಹುಕಾಲ ಬಾಗಿಲು ಮುಚ್ಚಿತ್ತು. 2020ರಲ್ಲಿ ಈ ನಮೂನೆಗಳನ್ನು ತಿದ್ದಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ದೋಷವಿರುವವರಿಗೂ ಅವಕಾಶ ಕೊಡಲಾಯಿತು.

ಕಲಿಕಾ ಪರವಾನಗಿ

ಜನ ಇದನ್ನು ಎಲ್‌ಎಲ್‌ಆರ್ ಎನ್ನುತ್ತಾರೆ. ಅರ್ಜಿಯನ್ನು 'ಸಾರಥಿ' ಜಾಲತಾಣದ ಮೂಲಕ ಸಲ್ಲಿಸಬೇಕು. ವಯಸ್ಸಿನ ಮತ್ತು ವಿಳಾಸದ ದಾಖಲೆ ಬೇಕು. ಸಂಚಾರ ಚಿಹ್ನೆಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲುಗಾರನಿಲ್ಲದ ರೈಲ್ವೆ ಗೇಟು ದಾಟುವ ಕ್ರಮ ಮೊದಲಾದವುಗಳ ಬಗ್ಗೆ ಕಂಪ್ಯೂಟರ್ ಮೇಲೆ ಪರೀಕ್ಷೆ ನಡೆಯುತ್ತದೆ. ಕನಿಷ್ಠ ಶೇಕಡಾ 60 ಉತ್ತರ ಸರಿಯಿರಬೇಕು. ಈ ಪರವಾನಗಿ ಆರು ತಿಂಗಳಿಗೆ ಮಾತ್ರ.

ಕಲಿಯುವವರ ಪಕ್ಕದಲ್ಲಿ, ವಾಹನವನ್ನು ಹತೋಟಿಗೆ ತರಬಲ್ಲ ಜಾಗದಲ್ಲಿ, ಪರವಾನಗಿ ಇರುವ ಒಬ್ಬರು ಕುಳಿತಿರಬೇಕು. ವಾಹನದ ಹಿಂದೆ ಮುಂದೆ 'ಎಲ್' ಫಲಕ ಇರಬೇಕು. ಇದರ ಅಳತೆಯನ್ನೂ ನಿಯಮ ಬಿಟ್ಟಿಲ್ಲ: 18 ಸೆಂಟಿಮೀಟರ್ ಚೌಕದ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಅಕ್ಷರ, ಎತ್ತರ ಕನಿಷ್ಠ 10 ಸೆಂಟಿಮೀಟರ್, ಗೆರೆಯ ದಪ್ಪ 2 ಸೆಂಟಿಮೀಟರ್. ಗಾಜಿನ ಮೂಲೆಯಲ್ಲಿ ಟೇಪಿನಿಂದ ಅಂಟಿಸುವ ಸಣ್ಣ ಗುರುತು ಈ ಅಳತೆಗೆ ಎಟುಕುವುದಿಲ್ಲ. ಹಿಂದಿನಿಂದ ಬರುವವರು ದೂರದಿಂದಲೇ ಕಂಡು ಎಚ್ಚರ ವಹಿಸಲಿ ಎಂಬುದಕ್ಕೇ ಇಷ್ಟು ದೊಡ್ಡ ಅಕ್ಷರ.

ಚಾಲನಾ ಪರೀಕ್ಷೆ

ಕಲಿಕಾ ಪರವಾನಗಿ ಬಂದು 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ನಡೆಸುವವರು ಮೋಟಾರು ವಾಹನ ನಿರೀಕ್ಷಕರು. ಊರಿನವರ ಬಾಯಲ್ಲಿ ಅವರು ಈಗಲೂ ಬ್ರೇಕ್ ಇನ್ಸ್‌ಪೆಕ್ಟರ್. ದ್ವಿಚಕ್ರ ವಾಹನದವರು ಕಾಲು ನೆಲಕ್ಕೆ ಊರದೆ ಎಂಟು ಹಾಕಬೇಕು. ಕಾರಿನವರು ಹಿಂದಕ್ಕೆ ತೆಗೆದು ತೋರಿಸಬೇಕು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಡಿಸಬೇಕು. ಬೆಂಗಳೂರಿನ ಮಲ್ಲತ್ತಹಳ್ಳಿಯಂಥ ಕಡೆ ಇದೆಲ್ಲ ಸ್ವಯಂಚಾಲಿತ ಟ್ರ್ಯಾಕಿನಲ್ಲಿ ನಡೆಯುತ್ತದೆ.

ಕೇಂದ್ರ ನಿಯಮಗಳ 15ನೆಯ ನಿಯಮ ಕೇಳುವುದು ಇದಕ್ಕಿಂತ ಬಹಳ ಹೆಚ್ಚು. ಹೊರಡುವ ಮುನ್ನ ಕನ್ನಡಿ ಸರಿಪಡಿಸಿಕೊಳ್ಳುವುದರಿಂದ ಹಿಡಿದು ಸುರಕ್ಷಿತವಾಗಿ ಓವರ್‌ಟೇಕ್ ಮಾಡುವುದು, ಕೂಡುರಸ್ತೆಗೆ ತಕ್ಕ ವೇಗದಲ್ಲಿ ಬರುವುದು, ಪಾದಚಾರಿಗಳನ್ನು ಮತ್ತು ಇತರ ವಾಹನಗಳನ್ನು ಗಮನಿಸುವುದು, ಸಂಜ್ಞೆಗಳಿಗೆ ಒಡನೆ ಸ್ಪಂದಿಸುವುದರವರೆಗೆ ಅದರ ಪಟ್ಟಿ ಉದ್ದವಿದೆ. ಎದುರಿನಿಂದ ಯಾರೂ ಬಾರದ ಮೈದಾನದಲ್ಲಿ ಇವುಗಳಲ್ಲಿ ಹಲವನ್ನು ಪರೀಕ್ಷಿಸಲಾಗದು. ಪ್ರಸ್ತುತ ವ್ಯವಸ್ಥೆಯ ಮುಖ್ಯ ಕೊರತೆ ಇದೇ ಎನ್ನಬೇಕಾಗುತ್ತದೆ. ಟ್ರ್ಯಾಕಿನ ಯಂತ್ರ ನಿರೀಕ್ಷಕರ ಪಕ್ಷಪಾತವನ್ನು ತಪ್ಪಿಸಬಲ್ಲದು, ಈ ಕೊರತೆಯನ್ನು ತುಂಬಲಾರದು.

ಅನುತ್ತೀರ್ಣರಾದವರು ಏಳು ದಿನದ ನಂತರ ಮತ್ತೆ ಬರಬಹುದು. ಮೂರು ಬಾರಿ ಸೋತರೆ 60 ದಿನ ಕಾಯಬೇಕು. 2021ರ ಜುಲೈ 1ರಿಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳಿಗೆ ಅವಕಾಶವಿದ್ದು, ಅಲ್ಲಿ ಲಘು ವಾಹನದ 29 ಗಂಟೆಗಳ ಶಿಕ್ಷಣ ಮುಗಿಸಿ ತೇರ್ಗಡೆಯಾದವರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಸಾಮಾನ್ಯ ಡ್ರೈವಿಂಗ್ ಸ್ಕೂಲಿನ ಪ್ರಮಾಣಪತ್ರಕ್ಕೆ ಈ ವಿನಾಯಿತಿ ಇಲ್ಲ.

ವಾಹನದ ವರ್ಗ ಮತ್ತು ಸಾರಿಗೆ ನಮೂದಿನ ವಿವಾದ

ಗೇರಿಲ್ಲದ ದ್ವಿಚಕ್ರ, ಗೇರಿರುವ ದ್ವಿಚಕ್ರ, ಲಘು ಮೋಟಾರು ವಾಹನ, ಸಾರಿಗೆ ವಾಹನ ಇವು ಪರವಾನಗಿಯ ಮುಖ್ಯ ವರ್ಗಗಳು. ಅಂಗವಿಕಲರಿಗಾಗಿ ಮಾರ್ಪಡಿಸಿದ ವಾಹನಕ್ಕೆ ಪ್ರತ್ಯೇಕ ವರ್ಗವಿದೆ. ಸಾರಿಗೆ ವಾಹನದ ಕಲಿಕಾ ಪರವಾನಗಿ ಪಡೆಯಲು ಲಘು ವಾಹನದ ಪರವಾನಗಿ ಕನಿಷ್ಠ ಒಂದು ವರ್ಷ ಕೈಯಲ್ಲಿರಬೇಕು. ಹಿಂದೆ ಎಂಟನೆಯ ತರಗತಿ ಪಾಸಾಗಿರಬೇಕೆಂಬ ನಿಯಮವೂ ಇತ್ತು. 2019ರಲ್ಲಿ ಅದನ್ನು ತೆಗೆದರು. ಓದು ಅರ್ಧಕ್ಕೆ ನಿಂತ ಎಷ್ಟೋ ಮಂದಿಗೆ ಈ ಕಸುಬಿನ ದಾರಿ ಅದರಿಂದ ತೆರೆಯಿತು.

ಕಾಯ್ದೆಯ 2(21)ನೆಯ ಕಲಮಿನಂತೆ ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವೂ ಲಘು ಮೋಟಾರು ವಾಹನವೇ. ಕಾರು, ಟ್ರ್ಯಾಕ್ಟರುಗಳಿಗಾದರೆ ಲೆಕ್ಕಕ್ಕೆ ಬರುವುದು ಖಾಲಿ ತೂಕ. ಆದರೆ 3ನೆಯ ಕಲಮು, ಪರವಾನಗಿಯಲ್ಲಿ ನಿರ್ದಿಷ್ಟವಾಗಿ ಹೇಳದ ಹೊರತು ಸಾರಿಗೆ ವಾಹನ ಓಡಿಸಕೂಡದು ಎನ್ನುತ್ತದೆ. 1994ರ ತಿದ್ದುಪಡಿ ಮಧ್ಯಮ ಮತ್ತು ಭಾರಿ ವಾಹನಗಳ ನಾಲ್ಕು ವರ್ಗಗಳನ್ನು ಅಳಿಸಿ 'ಸಾರಿಗೆ ವಾಹನ' ಎಂಬ ಒಂದೇ ವರ್ಗ ಮಾಡಿದ ಮೇಲೆ ಗೊಂದಲ ಬಿಗಿಯಾಯಿತು. ಲಘು ವಾಹನದ ಪರವಾನಗಿ ಮಾತ್ರ ಇರುವವರು ಆಟೊ, ಟ್ಯಾಕ್ಸಿ, ಸಣ್ಣ ಗೂಡ್ಸ್ ಗಾಡಿ ಓಡಿಸಬಹುದೇ?

ಪ್ರಶ್ನೆ ಏಳುತ್ತಿದ್ದುದು ಸಾಮಾನ್ಯವಾಗಿ ಅಪಘಾತ ಪರಿಹಾರ ನ್ಯಾಯಮಂಡಳಿಗಳಲ್ಲಿ. ಚಾಲಕನ ಪರವಾನಗಿಯಲ್ಲಿ ಸಾರಿಗೆ ನಮೂದಿಲ್ಲ ಎಂದು ತೋರಿಸಿ ವಿಮಾ ಕಂಪನಿಗಳು ಹೊಣೆ ಜಾರಿಸಿಕೊಳ್ಳಲು ನೋಡುತ್ತಿದ್ದವು. 2004ರ ಸ್ವರಣ್ ಸಿಂಗ್ ತೀರ್ಪಿನಂತೆ ಸಂತ್ರಸ್ತರಿಗೆ ಹಣ ಕೊಡಿಸಿ ಮಾಲೀಕನಿಂದ ವಸೂಲು ಮಾಡುವ ದಾರಿಯಿತ್ತು. ಆಗ ಹೊರೆಯೆಲ್ಲ ಒಂದೇ ಗಾಡಿಯನ್ನು ನೆಚ್ಚಿಕೊಂಡ ಮಾಲೀಕನ ಮೇಲೆ ಬೀಳುತ್ತಿತ್ತು. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಪ್ರತ್ಯೇಕ ನಮೂದು ಬೇಡವೆಂದಿತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆ ಐವರ ಸಂವಿಧಾನ ಪೀಠಕ್ಕೆ ಹೋಗಿ, 2024ರ ನವೆಂಬರ್ 6ರಂದು ಅದೇ ನಿಲುವು ಸ್ಥಿರವಾಯಿತು. ಲಘು ವಾಹನದ ಪರವಾನಗಿ ಇರುವವರಿಂದಲೇ ಅಪಘಾತ ಹೆಚ್ಚುತ್ತಿದೆ ಎಂಬುದಕ್ಕೆ ವಿಮಾ ಕಂಪನಿಗಳು ಅಂಕಿಅಂಶ ಒದಗಿಸಿಲ್ಲ ಎಂಬುದನ್ನು ಪೀಠ ಗಮನಿಸಿತು. 7,500 ಕಿಲೋ ಮೀರಿದ ವಾಹನಕ್ಕೆ ಸಾರಿಗೆ ನಮೂದು ಈಗಲೂ ಕಡ್ಡಾಯ. ಅಪಾಯಕಾರಿ ಸರಕಿಗೆ ವಿಶೇಷ ತರಬೇತಿಯೂ ಬೇಕು.

ಅವಧಿ ಮತ್ತು ನವೀಕರಣ

2019ಕ್ಕೆ ಮೊದಲು ಖಾಸಗಿ ಪರವಾನಗಿ 20 ವರ್ಷಕ್ಕೆ ಅಥವಾ 50 ವಯಸ್ಸಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಇರುತ್ತಿತ್ತು. ಈಗ 30 ತುಂಬದವರಿಗೆ 40 ವಯಸ್ಸಿನವರೆಗೆ, 30ರಿಂದ 50ರವರಿಗೆ 10 ವರ್ಷ, 50ರಿಂದ 55ರವರಿಗೆ 60 ವಯಸ್ಸಿನವರೆಗೆ, ಆಮೇಲೆ ಐದೈದು ವರ್ಷ. ಸಾರಿಗೆ ವಾಹನಕ್ಕೆ ಐದು ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದೊಳಗೆ ನವೀಕರಿಸಿಕೊಳ್ಳಬೇಕು. ತಪ್ಪಿದರೆ ಮತ್ತೆ ಚಾಲನಾ ಪರೀಕ್ಷೆ. ಹೊರದೇಶದಲ್ಲಿ ಓಡಿಸಲು ಬೇಕಾದ ಅಂತಾರಾಷ್ಟ್ರೀಯ ಅನುಮತಿ ಪತ್ರವನ್ನೂ ಇದೇ ಕಚೇರಿ ಕೊಡುತ್ತದೆ. ಅದರ ಅವಧಿ ಒಂದು ವರ್ಷ.