ಬಿಳಿ ಮಾಡುವ ಕರಿ

ಇದ್ದಿಲಿಗೆ ಬಣ್ಣ ಹೀರುವ ಗುಣವಿದೆ ಎಂಬುದನ್ನು 1785ರಲ್ಲಿ ಪ್ರಯೋಗ ಮಾಡಿ ತೋರಿಸಿದವನು ಸೇಂಟ್ ಪೀಟರ್ಸ್‌ಬರ್ಗಿನ ಔಷಧಶಾಲೆಯಲ್ಲಿ ಕೆಲಸಕ್ಕಿದ್ದ ಟೋಬಿಯಾಸ್ ಲೋವಿಟ್ಸ್. ಅವನ ಅಪ್ಪ ಖಗೋಳ ವಿಜ್ಞಾನಿ, 1774ರಲ್ಲಿ ರಷ್ಯಾದಲ್ಲಿ ದಂಗೆಯೆದ್ದ ಪುಗಚೋವ್‌ನ ಬಂಡಾಯಗಾರರ ಕೈಗೆ ಸಿಕ್ಕಿ ಸತ್ತ. ಮಗ ಔಷಧ ಅರೆಯುವ ಕೆಲಸ ಹಿಡಿದ. ಟಾರ್ಟಾರಿಕ್ ಆಮ್ಲವನ್ನು, ಅಂದರೆ ನಮ್ಮ ಹುಣಸೆಹಣ್ಣಿನಲ್ಲಿರುವ ಹುಳಿಯನ್ನು, ಕುದಿಸಿ ಹರಳು ಮಾಡಹೊರಟರೆ ದ್ರಾವಣ ಕಂದಾಗುತ್ತಿತ್ತು. ಇದ್ದಿಲ ಪುಡಿ ಹಾಕಿ ಸೋಸಿದ, ತಿಳಿಯಾಯಿತು. ಆಮೇಲೆ ಜೇನು, ವೋಡ್ಕಾ, ಏನು ಸಿಕ್ಕರೆ ಅದನ್ನು ಸೋಸಿ ನೋಡಿದ.

1811ರಲ್ಲಿ ಫ್ರಾನ್ಸಿನ ಫಿಗ್ಯೆ ಎಂಬಾತ, ಕಟ್ಟಿಗೆಯ ಇದ್ದಿಲಿಗಿಂತ ಎಲುಬಿನ ಇದ್ದಿಲು ಜೋರು ಎಂದು ತೋರಿಸಿದ. ಸಕ್ಕರೆ ಕಾರ್ಖಾನೆಗಳು ಅದನ್ನೇ ಹಿಡಿದವು. ನಮ್ಮಜ್ಜಿ ದೇವರ ನೈವೇದ್ಯಕ್ಕೆ ಬೆಲ್ಲ ಬಿಟ್ಟು ಸಕ್ಕರೆ ಮುಟ್ಟುತ್ತಿರಲಿಲ್ಲ, 'ಎಲುಬಿನಾಗ ಸೋಸಿದ್ದು' ಅಂತ. ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ನನಗೆ ಅವಳ ಗುಮಾನಿಯಲ್ಲಿ ಇತಿಹಾಸವೇ ಕಾಣುತ್ತದೆ. ಬಹಳ ಕಾಲ ಇದ್ದಿಲು ದುಡಿದದ್ದು ಮಾರುವ ಸರಕನ್ನು ಬೆಳ್ಳಗೆ ಮಾಡಲು. ಚರಂಡಿಗೆ ಬಿಡುವ ನೀರಿನ ಬಣ್ಣ ಯಾರಿಗೆ ಬೇಕಿತ್ತು?

ಆ ಚರಂಡಿ ನಾನು ಕಂಡದ್ದು ಇಳಕಲ್ಲಿನಲ್ಲಿ. ಸೀರೆಯ ನೂಲಿಗೆ ಬಣ್ಣ ಹಾಕುವ ಮನೆಗಳ ಮುಂದೆ ಒಂದು ದಿನ ಕೆಂಪು, ಇನ್ನೊಂದು ದಿನ ಹಸಿರು ನೀರು ಹರಿಯುತ್ತಿತ್ತು.

ಆ ನೀರಿನ ಬಣ್ಣ ಹೀರಲು ಬೇಕಾದ ಇದ್ದಿಲನ್ನು ಅಲ್ಲೇ ಮಾಡಿಕೊಳ್ಳಬಹುದು. ನಮ್ಮ ಕಡೆ ಹತ್ತಿ ಬಿಡಿಸಿದ ಮೇಲೆ ಉಳಿದ ಗಿಡದ ಕಟಿಗಿಯನ್ನು ಹೊಲದಲ್ಲೇ ಸುಡುವುದುಂಟು. ಅದನ್ನೇ ಮುಚ್ಚಳ ಬಿಗಿದ ಡಬ್ಬಿಯಲ್ಲಿಟ್ಟು, ಗಾಳಿ ತಾಗದಂತೆ ಕಾಯಿಸಿದರೆ ಬೂದಿಯಾಗದೆ ಇದ್ದಿಲಾಗುತ್ತದೆ. ಈಗ ಇದಕ್ಕೆ ಬಯೋಚಾರ್ ಎಂಬ ಹೆಸರು. ಪುಡಿ ಮಾಡಿ, ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸಿದ ನೀರಿಗೆ ಹಾಕಿ ಅಲುಗಾಡಿಸಿ, ಸೋಸಿದರೆ ನೀಲಿ ಇಳಿದಿರುತ್ತದೆ. ತರಗತಿಯಲ್ಲಿ ಇದನ್ನು ಮಾಡಿ ತೋರಿಸಿದಾಗ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ಇದು ಸುಲಭದ ಪರೀಕ್ಷೆ. 1876ರಲ್ಲಿ ಹೈನ್ರಿಖ್ ಕಾರೋ ತಯಾರಿಸಿದ ಈ ಬಣ್ಣಕ್ಕೆ ಧನ ವಿದ್ಯುದಂಶ, ಇದ್ದಿಲ ಮೈಗೆ ಸಾಮಾನ್ಯವಾಗಿ ಋಣ, ತಾವಾಗಿ ಅಂಟಿಕೊಳ್ಳುತ್ತವೆ. 1956ರಲ್ಲಿ ಮಾರುಕಟ್ಟೆಗೆ ಬಂದು, ಹತ್ತಿನೂಲಿಗೆ ಬಿಡದಂತೆ ಕಚ್ಚುವ ರಿಯಾಕ್ಟಿವ್ ಬಣ್ಣಗಳೂ ಋಣವೇ. ಬಣ್ಣದ ತೊಟ್ಟಿಗೆ ಉಪ್ಪು, ಸೋಡಾ ಬೇರೆ ಸುರಿದಿರುತ್ತಾರೆ. ಆ ಕ್ಷಾರದಲ್ಲಿ ಇದ್ದಿಲು ಬಣ್ಣವನ್ನು ಇನ್ನಷ್ಟು ದೂರ ತಳ್ಳುತ್ತದೆ. ಮೊದಲು ಸ್ವಲ್ಪ ಆಮ್ಲ ಹಾಕಿ ಹದ ಮಾಡಬೇಕು, ಅದು ಖರ್ಚು. ಮಿಥಿಲೀನ್ ಬ್ಲೂ ಒಂದನ್ನೇ ತೆಗೆದು ಗೆದ್ದೆವು ಎನ್ನುವ ಪ್ರಬಂಧಗಳನ್ನು ನಾನು ಅರ್ಧಕ್ಕೇ ಮಡಚಿಡುತ್ತೇನೆ.

ಇನ್ನೊಂದು ತಕರಾರು ಸಕ್ಕರೆಯವರಿಗೆ ಗೊತ್ತಿದ್ದದ್ದು. ಎಲುಬಿನ ಇದ್ದಿಲು ಸೋತಾಗ ಅವರು ತೊಳೆದು, ಕುಲುಮೆಯಲ್ಲಿ ಕಾಯಿಸಿ ಮತ್ತೆ ಬಳಸುತ್ತಿದ್ದರು. ಕಾಳುಕಾಳಾಗಿದ್ದರಿಂದ ಅದು ಸಾಧ್ಯವಿತ್ತು. ಹತ್ತಿಕಟಿಗಿಯ ಇದ್ದಿಲು ನುಣ್ಣನೆ ಪುಡಿ, ನೀರಿನಿಂದ ಬೇರೆ ಮಾಡುವುದೇ ಕಷ್ಟ. ಬಣ್ಣ ಕುಡಿದ ಆ ಕೆಸರನ್ನು ಹೊಲಕ್ಕೆ ಹಾಕಲಾಗದು, ತಿಪ್ಪೆಗೂ ಆಗದು. ಅದನ್ನು ಎಲ್ಲಿಡುತ್ತೀರಿ ಎಂದು ನೇಕಾರರು ಕೇಳಿದರೆ, ಮೊದಲು ಕುಲುಮೆ ತೋರಿಸಬೇಕಾಗುತ್ತದೆ.