ದಾರಿಯಲ್ಲಿ ನಿಂತು ಮಾತಾಡುತ್ತಿದ್ದ ಕಾಲ

ಹಾಸಿಗೆ, ಅಡುಗೆಮನೆ ಎಲ್ಲಾ ಇರುವ ಕ್ಯಾರವಾನ್ ಗಾಡಿ ಬಾಡಿಗೆಗೆ ತಗೊಂಡು ಊರು ಸುತ್ತಲು ಹೊರಡುವವರು ಈಗ ಮೊದಲು ಕೇಳುವುದು "ಅಲ್ಲಿ ನೆಟ್‌ವರ್ಕ್ ಸಿಗುತ್ತಾ?" ಅಂತ. ನೀರಿನ ವಿಷಯ ಆಮೇಲೆ! ನಗು ಬರುತ್ತೆ, ಆದರೆ ಪ್ರಶ್ನೆ ಹಳೆಯದು. ಊರು ಬಿಟ್ಟವನು ದಾರಿಯಲ್ಲಿದ್ದುಕೊಂಡೇ ಮನೆಯವರ ಜೊತೆ ಮಾತಾಡುವುದು ಹೇಗೆ? ನಾನು ದಿನಾ ಓಡಾಡುವ ಶಿವಾಜಿನಗರ, ಹಲಸೂರು, ಇಂದಿರಾನಗರ, ಕೆ.ಆರ್.ಪುರದ ದಾರಿಯಲ್ಲಿ ಈ ಪ್ರಶ್ನೆಗೆ ಸಿಕ್ಕ ಉತ್ತರಗಳದ್ದೇ ಒಂದು ಇತಿಹಾಸ ಇದೆ.

ಬ್ರಿಟಿಷರು ಇಲ್ಲಿ ದಂಡು ಕಟ್ಟಿದ್ದು 1809ರಲ್ಲಿ. ದಂಡಿನ ಸ್ಟೇಷನ್ನಿನಿಂದ ಜೋಲಾರಪೇಟೆಗೆ ಮೊದಲ ರೈಲು ಹೊರಟಿದ್ದು 1864ರ ಆಗಸ್ಟ್ 1ರಂದು. ಅದಕ್ಕೆ ಒಂಬತ್ತು ವರ್ಷ ಮುಂಚೆ, 1855ರಲ್ಲಿ, ನಮ್ಮ ದೇಶದಲ್ಲಿ ಟೆಲಿಗ್ರಾಫ್ ಸಾರ್ವಜನಿಕರಿಗೂ ತೆರೆದಿತ್ತು. ರೈಲು ಹಳಿಯ ಪಕ್ಕದಲ್ಲೇ ತಂತಿಯೂ ಓಡಿತು. ಹಾಗಾಗಿ ಪ್ರಯಾಣಿಕನಿಗಿಂತ ಮೊದಲು ಅವನ ಸುದ್ದಿ ಊರು ಸೇರುವುದು ಸಾಧ್ಯವಾಯಿತು. ಆದರೆ ಪದಕ್ಕೆ ಇಷ್ಟು ಅಂತ ದುಡ್ಡು. 'ಕ್ಷೇಮವಾಗಿ ತಲುಪಿದೆ' ಅಂತ ತಿಳಿಸಲು ಯಾರು ತಾನೇ ಖರ್ಚು ಮಾಡುತ್ತಾರೆ? ನಮ್ಮ ಮನೆಗಳಲ್ಲಿ ತಂತಿ ಬಂತು ಅಂದರೆ ಬಿಡಿಸಿ ಓದುವ ಮೊದಲೇ ಅಳು ಶುರು. 2013ರ ಜುಲೈನಲ್ಲಿ ಆ ಸೇವೆಯೇ ನಿಂತುಹೋಯಿತು.

ಜನಸಾಮಾನ್ಯರಿಗೆ ನಿಜವಾದ ಉತ್ತರ ಸಿಕ್ಕಿದ್ದು ಎಸ್.ಟಿ.ಡಿ. ಬೂತಿನಿಂದ. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಮುಂದೆ ಸ್ಯಾಮ್ ಪಿತ್ರೋಡಾ ಹೆಸರಿನ ಜೊತೆ ಬೆಸೆದುಕೊಂಡ ದೂರವಾಣಿ ಕ್ರಾಂತಿಯಲ್ಲಿ ಬೀದಿಬೀದಿಗೂ ಹಳದಿ ಬೋರ್ಡುಗಳು ಬಂದವು. ಬಸ್ಸಿಳಿದ ಕೂಡಲೇ ಬೂತ್ ಹುಡುಕುವುದು, ರಾತ್ರಿ ದರ ಇಳಿಯುವ ತನಕ ಕಾದು ಕ್ಯೂನಲ್ಲಿ ನಿಲ್ಲುವುದು, ಗಾಜಿನ ಗೂಡಿನೊಳಗೆ ಬೆವರುತ್ತಾ ಕೆಂಪು ಅಂಕಿಗಳ ಓಟವನ್ನೇ ನೋಡುತ್ತಾ ಮಾತಾಡುವುದು... ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಹಳ್ಳಿಯ ಮನೆಯಲ್ಲಿ ಫೋನ್ ಇರುತ್ತಿರಲಿಲ್ಲ. ಪಕ್ಕದ ಮನೆಯ 'ಪಿ.ಪಿ. ನಂಬರಿಗೆ' ಮಾಡಿ, "ಸ್ವಲ್ಪ ನಮ್ಮಮ್ಮನ್ನ ಕರೀತೀರಾ, ಹತ್ತು ನಿಮಿಷ ಬಿಟ್ಟು ಮಾಡ್ತೀನಿ" ಅನ್ನಬೇಕಿತ್ತು. ಬೂತಿನವರು "ಯಾರಪ್ಪಾ ನೀನು?" ಅಂತ ಕೇಳುತ್ತಿರಲಿಲ್ಲ. ಚಿಲ್ಲರೆ ಇದ್ದರೆ ಸಾಕು, ಮಾತು ನಿಮ್ಮದು.

ಇದೇ ದಂಡು ಪ್ರದೇಶದಲ್ಲಿ ಇನ್ನೊಂದು ಲೋಕವೂ ಇತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯಲ್ಲಿ ನೆಲೆಯೂರಿತು. ಸ್ವಂತ ಉಪಗ್ರಹ ಸಂಪರ್ಕ ಹಾಕಿಕೊಂಡು ಇಲ್ಲಿನ ಎಂಜಿನಿಯರುಗಳ ಕೆಲಸವನ್ನು ನೇರ ಅಮೆರಿಕಕ್ಕೆ ಕಳಿಸತೊಡಗಿತು. ಅಲ್ಲಿಂದ ಶಿವಾಜಿನಗರಕ್ಕೆ ನಡೆದೇ ಹೋಗಬಹುದು. ಅಲ್ಲಿ ಜನ ಊರಿಗೊಂದು ಟ್ರಂಕ್ ಕಾಲ್ ಸಿಗಲಿ ಅಂತ ಕಾಯುತ್ತಿದ್ದ ಕಾಲ ಅದು! ವಿ.ಎಸ್.ಎನ್.ಎಲ್. ದೇಶದ ಜನರಿಗೆ ಇಂಟರ್ನೆಟ್ ತೆರೆದಿದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತನ್ನ ಮೊದಲ ಅಂಗಡಿಯನ್ನು ಸೈಬರ್ ಕೆಫೆಯಾಗಿ ಆರಂಭಿಸಿತು. ಆಮೇಲೆ ಗಲ್ಲಿಗಲ್ಲಿಯಲ್ಲೂ ಪ್ಲೈವುಡ್ಡಿನ ಗೂಡುಗಳು. ನಾನೂ ಅಂಥ ಗೂಡುಗಳಲ್ಲಿ ಕೂತು, ವಿಂಡೋಸ್ 98ರಲ್ಲಿ ಕನ್ನಡವೆಲ್ಲ ಚೌಕ ಚೌಕವಾಗಿ ಕಾಣುವುದನ್ನು ನೋಡಿ ತಲೆ ಚಚ್ಚಿಕೊಂಡಿದ್ದೇನೆ.

ಇಲ್ಲಿಂದ ಮುಂದೆ ಕತೆ ಬೇರೆ ದಿಕ್ಕು ಹಿಡಿಯಿತು. ಸೈಬರ್ ಕೆಫೆಗಳಿಗೆಂದೇ ಕರ್ನಾಟಕ ಸರ್ಕಾರ 2004ರಲ್ಲಿ ನಿಯಮ ತಂದಿತು. ಒಳಗೆ ಬರಬೇಕಾದರೆ ಗುರುತು ತೋರಿಸಬೇಕಾಯಿತು. ಅದಕ್ಕೆ ಕಾರಣಗಳಿದ್ದವು, ನಿಜ. ಆದರೆ ಚಿಲ್ಲರೆ ಕೊಟ್ಟು ಮಾತಾಡುವ ಜಾಗ ಹೋಗಿ, ಗುರುತು ಕೊಟ್ಟು ಮಾತಾಡುವ ಜಾಗ ಬಂತು. ಅಷ್ಟರಲ್ಲಿ ಮೊಬೈಲಿನವರು 2003ರ ಮೇ ತಿಂಗಳಿಂದ ಒಳಬರುವ ಕರೆಗೆ ದುಡ್ಡು ಕೀಳುವುದನ್ನು ಬಿಟ್ಟಿದ್ದರು. ಬೂತುಗಳು ಒಂದೊಂದಾಗಿ ಜೆರಾಕ್ಸ್ ಅಂಗಡಿ, ರೀಚಾರ್ಜ್ ಅಂಗಡಿಗಳಾದವು. ಯಾರೂ ಅತ್ತಿದ್ದು ಕಾಣೆ, ನಾನೂ ಅಳಲಿಲ್ಲ. ಜೇಬಿನಲ್ಲಿ ಫೋನಿತ್ತಲ್ಲ!

2014ರ ಜನವರಿಯಲ್ಲಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರದ ಸಿ.ಎಂ.ಎಚ್. ರಸ್ತೆ ಮುಂತಾದ ಕಡೆ 'ನಮ್ಮ ವೈಫೈ' ಬಂತು. ಪುಕ್ಕಟೆ, ಎಲ್ಲರಿಗೂ. ಒಂದೇ ಷರತ್ತು, ನಿಮ್ಮ ಮೊಬೈಲ್ ನಂಬರ್ ಕೊಡಬೇಕು, ಅದಕ್ಕೆ ಬರುವ ಗುಟ್ಟಿನ ಸಂಖ್ಯೆ ಹಾಕಬೇಕು. ಆ ಯೋಜನೆ ಬಹಳ ಕಾಲ ಬಾಳಲಿಲ್ಲ. 2016ರಿಂದ ರೈಲ್‌ಟೆಲ್ ಮತ್ತು ಗೂಗಲ್ ಸೇರಿ ದೇಶದ ರೈಲು ನಿಲ್ದಾಣಗಳಲ್ಲಿ ವೈಫೈ ಕೊಟ್ಟವು. ಅಲ್ಲೂ ಅದೇ ಷರತ್ತು. ಗಮನಿಸಿ ನೋಡಿ, ಫೋನ್ ಇಲ್ಲದವನಿಗಾಗಿ ಇದ್ದದ್ದು ಬೂತ್. ಫೋನ್ ಇದ್ದವನಿಗೆ ಮಾತ್ರ ಸಿಗುವುದು ಈ ಉಚಿತ ವೈಫೈ.

ಇದು ಬರೀ ತರ್ಕ ಅಲ್ಲ. ಕೆಲವು ತಿಂಗಳ ಹಿಂದೆ ಕೆ.ಆರ್.ಪುರದ ರೈಲು ನಿಲ್ದಾಣದ ಹೊರಗೆ ರಾಯಚೂರು ಕಡೆಯ ಹುಡುಗನೊಬ್ಬ ಸಿಕ್ಕ. ಕಟ್ಟಡದ ಕೆಲಸಕ್ಕೆ ಬಂದವನು, ಫೋನು ದಾರಿಯಲ್ಲೆಲ್ಲೋ ಕಳೆದುಹೋಗಿದೆ. ಕರೆಸಿಕೊಂಡ ಮೇಸ್ತ್ರಿಯ ನಂಬರ್ ಅದರೊಳಗೇ ಇದೆ. ಬಾಯಿಪಾಠ ಇದ್ದದ್ದು ಅವ್ವನ ನಂಬರ್ ಒಂದೇ. ಇಬ್ಬರು ಮೂವರನ್ನು ಕೇಳಿದನಂತೆ, ಕಾಲ ಕೆಟ್ಟಿದೆ ನೋಡಿ, ಅಪರಿಚಿತನ ಕೈಗೆ ಫೋನ್ ಕೊಡಲು ಎಲ್ಲರಿಗೂ ಹೆದರಿಕೆ. ನನ್ನ ಫೋನಿನಿಂದ ಮಾಡಿದರೆ ಎರಡು ಸಲ ಆ ತಾಯಿ ಎತ್ತಲಿಲ್ಲ, ಹೊಸ ನಂಬರ್ ಅಂತ. ಮೂರನೇ ಸಲ ಎತ್ತಿದರು. "ಯವ್ವಾ, ನಾ ಮುಟ್ಟೇನಿ" ಅಂದ. ಅಷ್ಟೇ ಮಾತು. ಆಮೇಲೆ ಅವರ ಮೂಲಕವೇ ಮೇಸ್ತ್ರಿ ನಂಬರ್ ಸಿಕ್ಕಿತು.

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ತಾಯಿಯ ಕೈಯಲ್ಲಿ ಸ್ವಂತ ಫೋನ್ ಇದ್ದದ್ದಕ್ಕೇ ಅವತ್ತು ಕೆಲಸ ಆಯಿತು, ಪಿ.ಪಿ. ನಂಬರಿನ ಕಾಲ ಆಗಿದ್ದರೆ ಇನ್ನೂ ಕಷ್ಟ. ಆದರೆ ಸಂಪರ್ಕ ಅನ್ನುವುದು ಜಾಗದಿಂದ ಜೇಬಿಗೆ ಬಂದಾಗ, ಜೇಬು ಖಾಲಿಯಾದವನಿಗೆ ನಿಲ್ಲಲು ಒಂದು ಜಾಗ ಉಳಿಸುವುದನ್ನು ನಾವು ಮರೆತೆವು. ಪ್ರತಿ ದೊಡ್ಡ ಬಸ್ ನಿಲ್ದಾಣದಲ್ಲಿ, ರೈಲು ನಿಲ್ದಾಣದಲ್ಲಿ ಹೆಸರು ಕೇಳದ ಒಂದು ಫೋನ್ ಇಟ್ಟರೆ ಎಷ್ಟು ಖರ್ಚಾದೀತು ಹೇಳಿ?

ಅಲ್ಲಿಯ ತನಕ ಮನೆಯವರ ಎರಡು ನಂಬರ್ ಬಾಯಿಪಾಠ ಮಾಡಿಟ್ಟುಕೊಳ್ಳಿ, ಮಕ್ಕಳಿಗೂ ಮಾಡಿಸಿ. ಹಾಗೇ, ನಿಮ್ಮೂರಿನ ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತ್ ಈಗ ಏನಾಗಿದೆ ಅಂತ ಗೊತ್ತಿದ್ದರೆ ಬರೆಯಿರಿ, ಓದೋಣ.