ಬೇರೆಯವರ ಫಲಕದಡಿ ಬೆಳೆದ ಲಾವೋ ಹೋಟೆಲು

ಲಾವೋಸ್ ದೇಶದ ಊಟಕ್ಕೆ ಆಧಾರ ಅಂಟಕ್ಕಿ ಅನ್ನ. ರಾತ್ರಿಯಿಡೀ ನೆನೆದ ಅಕ್ಕಿಯನ್ನು ಬಿದಿರಿನ ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸಿ, ‘ತಿಪ್ ಖಾವೊ’ ಎಂಬ ಮುಚ್ಚಳದ ಪುಟ್ಟ ಬುಟ್ಟಿಗೆ ತುಂಬುತ್ತಾರೆ. ರಾಗಿ ಮುದ್ದೆಯಂತೆ ಬೆರಳಲ್ಲಿ ತುಸು ಮುರಿದು, ಉಂಡೆ ಕಟ್ಟಿ, ಸುಟ್ಟ ಮೆಣಸಿನಕಾಯಿಯ ‘ಜಿಯೊ’ ಚಟ್ನಿಗೆ ಅದ್ದಿ ತಿನ್ನುತ್ತಾರೆ. ಕೊಚ್ಚಿದ ಮಾಂಸಕ್ಕೆ ಹುರಿದ ಅಕ್ಕಿಪುಡಿ, ನಿಂಬೆರಸ, ಪುದೀನ ಬೆರೆಸಿದ ‘ಲಾಪ್’ ಜೊತೆಗಿರುತ್ತದೆ. ಬೆತ್ತದ ತಗ್ಗು ಮೇಜಿನ ಸುತ್ತ ನೆಲದ ಮೇಲೆ ಕೂತು, ಎಲ್ಲವನ್ನೂ ನಡುವೆ ಇಟ್ಟುಕೊಂಡು ಹಂಚಿ ಉಣ್ಣುವ ಈ ಊಟ ಮೂಲತಃ ಮನೆಯದು, ಹಬ್ಬದ್ದು. ಹೋಟೆಲಿಗೆ ಅದು ಬಂದದ್ದು ಬಹಳ ತಡವಾಗಿ.

1893ರಲ್ಲಿ ಮೆಕಾಂಗ್ ನದಿಯ ಎಡದಂಡೆ ಫ್ರೆಂಚರ ಕೈಸೇರಿತು. ಆಡಳಿತಕ್ಕೆಂದೂ ವ್ಯಾಪಾರಕ್ಕೆಂದೂ ಬಂದ ವಿಯೆಟ್ನಾಮಿಗಳು, ಚೀನೀಯರು ಪಟ್ಟಣಗಳಲ್ಲಿ ನೆಲೆಸಿದರು. ಹೀಗಾಗಿ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಹೊರಗೆ ಊಟ ಮಾಡುವವರಿಗೆ ಸಿಗುತ್ತಿದ್ದುದು ವಿಯೆಟ್ನಾಂ ಮೂಲದ ಶ್ಯಾವಿಗೆ ಸಾರು, ಫ್ರೆಂಚ್ ಮಾದರಿಯ ಉದ್ದನೆಯ ಬ್ರೆಡ್ಡು. ಇವೆರಡೂ ಅಲ್ಲಿನ ಬೀದಿಗಳಲ್ಲಿ ಇಂದಿಗೂ ಉಳಿದಿವೆ.

ಹಳ್ಳಿಯ ಅಡುಗೆ ಹೀಗೆ ಮನೆಗಳಲ್ಲೂ ಸಂತೆಗಳಲ್ಲೂ ಉಳಿದರೆ, ಅದರ ಇನ್ನೊಂದು ಕವಲು ರಾಜರ ಊರಾದ ಲುವಾಂಗ್ ಪ್ರಬಾಂಗ್‌ನ ಅರಮನೆಯಲ್ಲಿ ಬೆಳೆಯಿತು. ಅಲ್ಲಿನ ಬಾಣಸಿಗ ಫಿಯಾ ಸಿಂಗ್ (1898–1967) ತನ್ನ ಅಡುಗೆಗಳನ್ನು ಕೈಬರಹದಲ್ಲಿ ದಾಖಲಿಸಿಟ್ಟಿದ್ದ. 1974ರಲ್ಲಿ ಯುವರಾಜ ವೋಂಗ್ ಸವಾಂಗ್ ಆ ಪುಸ್ತಕಗಳನ್ನು ಬ್ರಿಟಿಷ್ ರಾಯಭಾರಿ ಆಲನ್ ಡೇವಿಡ್‌ಸನ್‌ಗೆ ಕೊಟ್ಟ. ಮರುವರ್ಷವೇ ಅರಸೊತ್ತಿಗೆ ಅಳಿಯಿತು. ಡೇವಿಡ್‌ಸನ್ 1981ರಲ್ಲಿ ಅವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸದಿದ್ದರೆ ಒಂದು ಪರಂಪರೆಯ ಲಿಖಿತ ನೆನಪೇ ಅಳಿಸಿಹೋಗುವ ಅಪಾಯವಿತ್ತು.

ಲಾವೋ ರುಚಿ ಹೊರಜಗತ್ತಿಗೆ ಹೋದದ್ದು ಮಾತ್ರ ನದಿಯ ಬಲದಂಡೆಯಿಂದ. 1820ರ ದಶಕದ ಕೊನೆಯಲ್ಲಿ ಸಯಾಮಿನ (ಇಂದಿನ ಥಾಯ್ಲೆಂಡಿನ) ಸೇನೆ ವಿಯೆಂಟಿಯಾನ್ ನಗರವನ್ನು ಸುಟ್ಟು, ಅಪಾರ ಜನರನ್ನು ಬಲದಂಡೆಗೆ ಸಾಗಿಸಿತ್ತು. ಇಂದು ಈಶಾನ್ಯ ಥಾಯ್ಲೆಂಡಿನ ಇಸಾನ್ ಪ್ರಾಂತ್ಯದಲ್ಲಿ ಲಾವೋ ನುಡಿಯಾಡುವವರು ಲಾವೋಸಿನಲ್ಲಿರುವವರಿಗಿಂತ ಹೆಚ್ಚು. ಕೂಲಿ ಅರಸಿ ಬ್ಯಾಂಕಾಕಿಗೆ ಹೋದ ಇಸಾನಿನವರು ಪಪ್ಪಾಯಿ ಕಾಯಿಯ ಕೋಸಂಬರಿ, ಸುಟ್ಟ ಕೋಳಿ, ಲಾಪ್‌ಗಳನ್ನು ತಳ್ಳುಗಾಡಿಗಳಲ್ಲಿ ಮಾರಿದರು. ಊರಲ್ಲಿ ಈ ಕೋಸಂಬರಿಗೆ ಜೀವಾಳ ‘ಪಾದೇಕ್’: ಹೊಳೆಮೀನನ್ನು ಉಪ್ಪು, ಅಕ್ಕಿತೌಡಿನೊಂದಿಗೆ ಜಾಡಿಯಲ್ಲಿ ತಿಂಗಳುಗಟ್ಟಲೆ ಹುದುಗಿಸಿದ ಘಾಟು ದ್ರವ. ನಗರದವರ ನಾಲಿಗೆಗೆಂದು ಅದನ್ನು ಬಿಟ್ಟು ಕಡಲೆಕಾಯಿ, ಒಣಸೀಗಡಿ, ತಾಳೆಬೆಲ್ಲ ಸೇರಿಸಲಾಯಿತು. ಸಿಹಿಯಾದ ಆ ಬಗೆಯೇ ಥಾಯ್ ತಿನಿಸೆಂದು ದೇಶದೇಶಗಳಿಗೆ ಹರಡಿತು.

1975ರ ಡಿಸೆಂಬರಿನಲ್ಲಿ ಕಮ್ಯುನಿಸ್ಟ್ ಆಡಳಿತ ಬಂದ ಬಳಿಕ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಭಾಗ ದೇಶ ಬಿಟ್ಟಿತು. ಮೆಕಾಂಗ್ ದಾಟಿ ಥಾಯ್ಲೆಂಡಿನ ಶಿಬಿರಗಳಲ್ಲಿದ್ದು, ಅಲ್ಲಿಂದ ಅಮೆರಿಕ, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೋದರು. ಅಮೆರಿಕದಲ್ಲಿ ಹೋಟೆಲು ತೆರೆದ ಹಲವರು ಫಲಕದ ಮೇಲೆ ಬರೆಸಿದ್ದು ‘ಥಾಯ್’ ಎಂದೇ. ಲಾವೋಸ್ ಎಂಬ ದೇಶವಿದೆಯೆಂದೇ ಅರಿಯದ ಗಿರಾಕಿಗಳ ನಡುವೆ ಹೊಟ್ಟೆಪಾಡು ನಡೆಯಬೇಕಿತ್ತು. ಪಾದೇಕ್ ಹಾಕಿದ ಅಡುಗೆ ಬೇಯುತ್ತಿದ್ದುದು ಕೇಳಿ ತರಿಸಿಕೊಳ್ಳುವ ತಮ್ಮವರಿಗಾಗಿ ಮಾತ್ರ.

ತಾಯ್ನಾಡಿನಲ್ಲಿ ಬದಲಾವಣೆ ಬೇರೆ ದಾರಿಯಿಂದ ಬಂತು. 1986ರ ಆರ್ಥಿಕ ಸುಧಾರಣೆ ಖಾಸಗಿ ವ್ಯಾಪಾರಕ್ಕೆ ಎಡೆಮಾಡಿಕೊಟ್ಟಿತು. 1994ರಲ್ಲಿ ಥಾಯ್ಲೆಂಡಿಗೆ ಸ್ನೇಹ ಸೇತುವೆ ತೆರೆಯಿತು. 1995ರಲ್ಲಿ ಲುವಾಂಗ್ ಪ್ರಬಾಂಗ್ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಪ್ರವಾಸಿಗರು ಹೆಚ್ಚಿದಂತೆ, ಮನೆಯ ಅಡುಗೆಯನ್ನೇ ಬಡಿಸುವ, ಉಣ್ಣುವ ಕ್ರಮವನ್ನೂ ತಿಳಿಸಿಕೊಡುವ ಹೋಟೆಲುಗಳು ಹುಟ್ಟಿದವು. ಎಮ್ಮೆಚರ್ಮ, ಮೆಣಸಿನ ಘಾಟಿರುವ ಕಾಡುಬಳ್ಳಿಯ ತುಂಡು ಹಾಕಿ ಕುದಿಸುವ ‘ಓ ಲಾಮ್’ ಹೀಗೆ ಹೋಟೆಲುಗಳ ತಿನಿಸುಪಟ್ಟಿಗಳಲ್ಲಿ ಜಾಗ ಪಡೆಯಿತು.

ಅಮೆರಿಕದಲ್ಲಿ ಸಂಕೋಚ ಕಳೆಯಲು 2010ರ ದಶಕ ಬರಬೇಕಾಯಿತು. ನಿರಾಶ್ರಿತೆಯಾಗಿ ಬಂದಿದ್ದ ಸೆಂಗ್ ಲುವಾಂಗ್‌ರಾತ್ 2010ರಲ್ಲಿ ವರ್ಜೀನಿಯಾದ ಫಾಲ್ಸ್ ಚರ್ಚ್‌ನಲ್ಲಿ ‘ಬ್ಯಾಂಕಾಕ್ ಗೋಲ್ಡನ್’ ಎಂಬ ಥಾಯ್ ಹೋಟೆಲನ್ನು ವಹಿಸಿಕೊಂಡು, ಅದರೊಳಗೆ ಲಾವೋ ಅಡುಗೆ ಮಾಡತೊಡಗಿದರು. 2014ರಲ್ಲಿ ವಾಷಿಂಗ್ಟನ್ ನಗರದಲ್ಲಿ ‘ತಿಪ್ ಖಾವೊ’ ತೆರೆದರು. 2017ರಲ್ಲಿ ಫಾಲ್ಸ್ ಚರ್ಚ್‌ನ ಹೋಟೆಲಿನ ಹೆಸರೂ ‘ಪಾದೇಕ್’ ಎಂದಾಯಿತು. ದಶಕಗಳ ಕಾಲ ಗಿರಾಕಿಯ ಕಣ್ಣಿಂದ ಮರೆಯಿಟ್ಟ ಜಾಡಿಯ ಹೆಸರು ಬಾಗಿಲ ಮೇಲೇರಿದ್ದು ಲಾವೋ ವಲಸಿಗರ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.